ದೀರ್ಘಕಾಲದ ಶ್ವಾಸಕೋಶ ಕಾಯಿಲೆ: ಪೂರಕ ಪೋಷಕಾಂಶಗಳಿಂದ ಪ್ರಯೋಜನವೆಷ್ಟು, ಅಪಾಯವೆಷ್ಟು?

ವೈದ್ಯರ ಚೀಟಿಯಲ್ಲಿ ಸಿಒಪಿಡಿ ಎಂಬ ನಾಲ್ಕು ಅಕ್ಷರಗಳಲ್ಲಿ ಕಾಣಿಸಿಕೊಳ್ಳುವ ದೀರ್ಘಕಾಲೀನ ಶ್ವಾಸಕೋಶ ತಡೆ ಕಾಯಿಲೆಯು ಒಮ್ಮೆ ಬಂದರೆ ಸಂಪೂರ್ಣವಾಗಿ ವಾಸಿಯಾಗುವಂಥದ್ದಲ್ಲ. ಉಸಿರಿನ ಕೊಳವೆಗಳು ಕಿರಿದಾಗುತ್ತವೆ, ಅವುಗಳಲ್ಲಿ ಕಫ ಕಟ್ಟುತ್ತದೆ, ಶ್ವಾಸಕೋಶದೊಳಗಿನ ಸೂಕ್ಷ್ಮ ಗಾಳಿಚೀಲಗಳು ಶಿಥಿಲವಾಗುತ್ತವೆ. ಒಳಗೆ ಹೋದ ಗಾಳಿ ಪೂರ್ತಿ ಹೊರಬರುವುದಿಲ್ಲ. ಸ್ಪೈರೋಮೆಟ್ರಿ ಎಂಬ ಊದುವ ಪರೀಕ್ಷೆಯಲ್ಲಿ, ಶ್ವಾಸನಾಳ ಹಿಗ್ಗಿಸುವ ಔಷಧಿ ಕೊಟ್ಟ ನಂತರವೂ, ರೋಗಿಯು ರಭಸದಿಂದ ಹೊರಹಾಕಿದ ಒಟ್ಟು ಗಾಳಿಯ ಶೇ. 70ಕ್ಕಿಂತ ಕಡಿಮೆ ಭಾಗವು ಮೊದಲ ಒಂದು ಸೆಕೆಂಡಿನಲ್ಲಿ ಬಂದರೆ ರೋಗ ಖಚಿತವಾಗುತ್ತದೆ.

2016ರ ಅಂಕಿಅಂಶಗಳನ್ನಾಧರಿಸಿ 'ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್' ಪತ್ರಿಕೆ 2018ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಭಾರತದಲ್ಲಿ ಸುಮಾರು 5.5 ಕೋಟಿ ಮಂದಿ ಈ ಕಾಯಿಲೆಯಿಂದ ಬಳಲುತ್ತಿದ್ದರು. ಬೀಡಿ, ಸಿಗರೇಟುಗಳನ್ನೇ ಇದರ ಏಕೈಕ ಕಾರಣವೆಂದು ಭಾವಿಸುವವರು ಗಮನಿಸಬೇಕಾದ ಅಂಶವೊಂದು ಅದೇ ವರದಿಯಲ್ಲಿದೆ. ದೇಶದಲ್ಲಿ ಈ ರೋಗದ ಹೊರೆಯಲ್ಲಿ ತಂಬಾಕಿನ ಪಾಲು ಸುಮಾರು ಕಾಲುಭಾಗವಾದರೆ, ಬೀದಿಯ ಹೊಗೆ ಮತ್ತು ಒಲೆಯ ಹೊಗೆ ಸೇರಿದ ವಾಯುಮಾಲಿನ್ಯದ ಪಾಲು ಅರ್ಧಕ್ಕಿಂತ ಹೆಚ್ಚು. ಜೀವನದಲ್ಲಿ ಒಮ್ಮೆಯೂ ಬೀಡಿ ಮುಟ್ಟದ, ಆದರೆ ಮೂವತ್ತು ನಲವತ್ತು ವರ್ಷ ಸೌದೆ ಒಲೆಯ ಮುಂದೆ ಕುಳಿತ ತಾಯಂದಿರಿಗೂ ಇದು ಬರುತ್ತದೆ.

ವಾಸಿಯಾಗದ ಕಾಯಿಲೆ ಎಂದೊಡನೆ ಔಷಧಿಯ ಜೊತೆಗೆ ಮತ್ತೇನಾದರೂ ಕೊಡಬಹುದೇ ಎಂದು ಮನೆಯವರು ಹುಡುಕುವುದು ಸಹಜ. ಔಷಧಿ ಅಂಗಡಿಯ ಕಪಾಟಿನಲ್ಲಿ ವಿಟಮಿನ್ ಮಾತ್ರೆ, ಪ್ರೋಟೀನ್ ಪುಡಿಯ ಡಬ್ಬಿ, ಮೀನೆಣ್ಣೆ ಗುಳಿಗೆ, ಗಿಡಮೂಲಿಕೆಯ ಕ್ಯಾಪ್ಸೂಲುಗಳು ಸಾಲುಗಟ್ಟಿ ನಿಂತಿರುತ್ತವೆ. ಇವುಗಳಲ್ಲಿ ಕೆಲವು ನಿಜಕ್ಕೂ ಉಪಯುಕ್ತ, ಹಲವು ನಿರುಪಯುಕ್ತ, ಒಂದೆರಡು ಅಪಾಯಕಾರಿ. ಹಿಂದಿನ ಮೂರು ದಶಕಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಷಯ ಮತ್ತೆ ಮತ್ತೆ ಎದ್ದು ಕಾಣುತ್ತದೆ. ದೇಹದಲ್ಲಿ ಯಾವುದಾದರೂ ಪೋಷಕಾಂಶದ ಕೊರತೆಯಿದ್ದು ಅದನ್ನು ತುಂಬಿದಾಗ ಮಾತ್ರ ಪ್ರಯೋಜನ ದೊರೆತಿದೆ. ಕೊರತೆಯಿಲ್ಲದವರಿಗೆ ಮತ್ತಷ್ಟು ಸುರಿದಾಗ ಲಾಭವಾಗಿಲ್ಲ, ಕೆಲವೆಡೆ ಹಾನಿಯೇ ಆಗಿದೆ. ಆದ್ದರಿಂದ ಡಬ್ಬಿ ಕೊಳ್ಳುವ ಮೊದಲು ಕೊರತೆ ಏನೆಂದು ಅಳೆಯಬೇಕು.

ಮೊದಲು ತೂಕ ನೋಡಿ

ಅಳತೆಗಳಲ್ಲೆಲ್ಲ ಅಗ್ಗದ್ದು, ಆದರೂ ಹೆಚ್ಚಿನ ಮನೆಗಳಲ್ಲಿ ಮರೆತುಹೋಗುವುದು ತೂಕ. ಆರೋಗ್ಯವಂತನಿಗೆ ಉಸಿರಾಟವು ಶ್ರಮವೆಂದು ಅನಿಸುವುದೇ ಇಲ್ಲ. ಸಿಒಪಿಡಿ ರೋಗಿಗೆ ಪ್ರತಿ ಉಸಿರೂ ದುಡಿಮೆ. ಉಬ್ಬಿದ ಶ್ವಾಸಕೋಶವು ಕೆಳಗಿನ ವಪೆಯನ್ನು ಚಪ್ಪಟೆಯಾಗಿಸುವುದರಿಂದ ಕತ್ತು, ಭುಜ, ಪಕ್ಕೆಲುಬಿನ ಸ್ನಾಯುಗಳು ಹಗಲಿರುಳು ಹೆಚ್ಚುವರಿ ಕೆಲಸ ಮಾಡಬೇಕಾಗುತ್ತದೆ. ಕುಳಿತಲ್ಲೇ ಕುಳಿತಿದ್ದರೂ ಶಕ್ತಿ ವ್ಯಯವಾಗುತ್ತದೆ. ಇನ್ನೊಂದೆಡೆ ಊಟವೂ ಕಷ್ಟ. ಅಗಿಯುವಾಗ, ನುಂಗುವಾಗ ಉಸಿರು ಬಿಗಿಹಿಡಿಯಬೇಕು, ಹೊಟ್ಟೆ ತುಂಬಿದರೆ ವಪೆಗೆ ಜಾಗ ಸಾಲದೆ ಏದುಸಿರು ಬರುತ್ತದೆ. ಹೀಗಾಗಿ ರೋಗಿ ಅರ್ಧ ತಟ್ಟೆಗೇ ಕೈ ತೊಳೆಯುತ್ತಾನೆ. ಖರ್ಚು ಹೆಚ್ಚಿ ಆದಾಯ ಕುಗ್ಗಿದ ಮನೆಯ ಸ್ಥಿತಿಯೇ ಇಲ್ಲಿಯೂ. ಮೊದಲು ಕೊಬ್ಬು, ನಂತರ ಸ್ನಾಯು ಕರಗುತ್ತದೆ. ಸ್ನಾಯು ಕರಗಿದಷ್ಟೂ ಉಸಿರಾಟದ ಶಕ್ತಿ ಕುಂದುತ್ತದೆ.

ಇದು ಕೇವಲ ಸೊರಗುವಿಕೆಯ ಪ್ರಶ್ನೆಯಲ್ಲ. ರೋಗಿಯ ಆಯುಷ್ಯದ ಸಾಧ್ಯತೆಯನ್ನು ಅಂದಾಜಿಸಲು 2004ರಲ್ಲಿ ರೂಪಿಸಿದ 'ಬೋಡ್' ಸೂಚ್ಯಂಕದಲ್ಲಿ ಶ್ವಾಸಕೋಶದ ಬಲ, ಏದುಸಿರಿನ ಪ್ರಮಾಣ, ಆರು ನಿಮಿಷಗಳಲ್ಲಿ ನಡೆಯಬಲ್ಲ ದೂರದ ಜೊತೆಗೆ ದೇಹತೂಕ ಸೂಚ್ಯಂಕವೂ ಸೇರಿದೆ. ಅದು 21 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಅಪಾಯದ ಅಂಕ ಏರುತ್ತದೆ. ಲೆಕ್ಕ ಸರಳ: ಕಿಲೋ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಬಾರಿ ಭಾಗಿಸಬೇಕು. 160 ಸೆಂ.ಮೀ. ಎತ್ತರದ ವ್ಯಕ್ತಿಗೆ 54 ಕೆ.ಜಿ. ಎಂದರೆ ಹೆಚ್ಚು ಕಡಿಮೆ 21, 45 ಕೆ.ಜಿ.ಗೆ ಇಳಿದರೆ ಅದು 17.6. ನಮ್ಮಲ್ಲಿ 'ವಯಸ್ಸಾಯಿತು, ಇಳಿದುಹೋಗಿದ್ದಾರೆ' ಎಂದು ಸುಮ್ಮನಾಗುವುದುಂಟು. ಸಿಒಪಿಡಿ ಇರುವವರಲ್ಲಿ ಆರು ತಿಂಗಳಲ್ಲಿ ಕಾರಣವಿಲ್ಲದೆ ಮೂರ್ನಾಲ್ಕು ಕಿಲೋ ಇಳಿದರೆ ಅದನ್ನು ವೈದ್ಯರಿಗೆ ತಿಳಿಸಲೇಬೇಕು. ಕ್ಷಯ, ಕ್ಯಾನ್ಸರ್, ಥೈರಾಯ್ಡ್ ದೋಷ, ಮಧುಮೇಹಗಳಲ್ಲೂ ತೂಕ ಇಳಿಯುವುದರಿಂದ ಪ್ರೋಟೀನ್ ಪುಡಿ ಆರಂಭಿಸುವ ಮೊದಲು ಇವುಗಳನ್ನು ಪರಿಶೀಲಿಸುವುದು ಅಗತ್ಯ.

ಪೌಷ್ಟಿಕ ಪೂರಕಗಳ ಪರವಾಗಿ ಇರುವ ಅತ್ಯಂತ ಗಟ್ಟಿ ಪುರಾವೆ ದೊರೆಯುವುದು ಇಲ್ಲಿಯೇ. 2012ರ ಕಾಕ್ರೇನ್ ಪರಾಮರ್ಶೆಯು 17 ಅಧ್ಯಯನಗಳನ್ನು ಒಟ್ಟುಗೂಡಿಸಿ, ಪೋಷಣೆ ಕೊರತೆಯಿರುವ ಸಿಒಪಿಡಿ ರೋಗಿಗಳಿಗೆ ಹೆಚ್ಚುವರಿ ಆಹಾರ ಕೊಟ್ಟಾಗ ತೂಕ ಏರುತ್ತದೆ, ಉಸಿರಾಟದ ಸ್ನಾಯುಗಳ ಬಲ ಮತ್ತು ನಡಿಗೆಯ ಸಾಮರ್ಥ್ಯ ಸುಧಾರಿಸುತ್ತದೆ ಎಂಬ ನಿರ್ಣಯಕ್ಕೆ ಬಂದಿತು. 2016ರಲ್ಲಿ ಪ್ರಕಟವಾದ 'ನರಿಶ್' ಎಂಬ ಅಮೆರಿಕದ ಪ್ರಯೋಗದಲ್ಲಿ ಹೃದಯ ಅಥವಾ ಶ್ವಾಸಕೋಶದ ಕಾಯಿಲೆಯಿಂದ ಆಸ್ಪತ್ರೆ ಸೇರಿದ್ದ, ಪೋಷಣೆ ಕುಂದಿದ 652 ಹಿರಿಯರಿಗೆ ಅಧಿಕ ಪ್ರೋಟೀನಿನ ಪೇಯ ಅಥವಾ ಹುಸಿ ಪೇಯ ಕೊಡಲಾಯಿತು. 90 ದಿನಗಳೊಳಗೆ ಮರಣ ಹೊಂದಿದವರು ಮೊದಲ ಗುಂಪಿನಲ್ಲಿ ಶೇ. 4.8, ಎರಡನೆಯದರಲ್ಲಿ ಶೇ. 9.7. ಆದರೆ ಆಸ್ಪತ್ರೆಗೆ ಮರಳಿ ದಾಖಲಾಗುವುದು ಕಡಿಮೆಯಾಗಲಿಲ್ಲ. ಅಲ್ಲದೆ ಈ ಪ್ರಯೋಗಕ್ಕೆ ಹಣ ನೀಡಿದ್ದು ಪೇಯ ತಯಾರಿಸುವ ಕಂಪನಿಯೇ ಎಂಬುದನ್ನೂ ಓದುಗರು ನೆನಪಿನಲ್ಲಿಡಬೇಕು.

ಎಷ್ಟು ಪ್ರೋಟೀನ್ ಬೇಕು? ದೀರ್ಘಕಾಲದ ಕಾಯಿಲೆಯಿರುವ ಹಿರಿಯರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಎಂಬುದು ಪೋಷಣಾ ತಜ್ಞರು ಸಾಮಾನ್ಯವಾಗಿ ಸೂಚಿಸುವ ಪ್ರಮಾಣ. 45 ಕೆ.ಜಿ. ತೂಕದವರಿಗೆ ಇದು 54ರಿಂದ 67 ಗ್ರಾಂ. ದಿನವೊಂದಕ್ಕೆ 250 ಗ್ರಾಂ ಅಕ್ಕಿ, ರಾಗಿ, ಗೋಧಿಯಿಂದ ಸುಮಾರು 18 ಗ್ರಾಂ, 60 ಗ್ರಾಂ ಬೇಳೆ ಅಥವಾ ಹುರುಳಿಯಿಂದ 13 ಗ್ರಾಂ, 400 ಮಿ.ಲೀ. ಹಾಲು ಮೊಸರಿನಿಂದ 13 ಗ್ರಾಂ, ಒಂದು ಹಿಡಿ (30 ಗ್ರಾಂ) ಕಡಲೆಕಾಯಿಯಿಂದ 7 ಗ್ರಾಂ, ಒಂದು ಮೊಟ್ಟೆಯಿಂದ 6 ಗ್ರಾಂ ಸಿಗುತ್ತದೆ. ಒಟ್ಟು 57. ಅಂದರೆ ಡಬ್ಬಿಯಿಲ್ಲದೆಯೂ ಗುರಿ ಮುಟ್ಟಲು ಸಾಧ್ಯ. ಮೊಟ್ಟೆ ತಿನ್ನದವರು ಆ ಜಾಗದಲ್ಲಿ ಇನ್ನೊಂದು ಹಿಡಿ ಕಡಲೆಕಾಯಿ ಅಥವಾ ಮೊಳಕೆ ಬಂದ ಹೆಸರುಕಾಳು ಸೇರಿಸಿಕೊಳ್ಳಬಹುದು.

ಕಾಗದದ ಮೇಲಿನ ಈ ಲೆಕ್ಕಕ್ಕೂ ಏದುಸಿರು ಬಿಡುವವರ ತಟ್ಟೆಗೂ ಅಂತರವಿದೆ. ಒಂದೇ ಬಾರಿಗೆ ದೊಡ್ಡ ಮುದ್ದೆ ಉಂಡರೆ ಅವರಿಗೆ ಉಸಿರಾಡುವುದೇ ಕಷ್ಟ. ಅದೇ ರಾಗಿಯನ್ನು ಹಾಲು ಹಾಕಿದ ಗಂಜಿ ಮಾಡಿ, ಹುರಿದ ಕಡಲೆಕಾಯಿ ಪುಡಿ ಬೆರೆಸಿ, ದಿನಕ್ಕೆ ಐದಾರು ಬಾರಿ ಅರ್ಧ ಲೋಟದಂತೆ ಕೊಟ್ಟರೆ ಒಳಗೆ ಹೋಗುತ್ತದೆ. ಅನ್ನಕ್ಕೆ ಒಂದು ಚಮಚ ತುಪ್ಪ ಬಿದ್ದರೆ ಪ್ರಮಾಣ ಹೆಚ್ಚದೆ ಶಕ್ತಿ ಹೆಚ್ಚುತ್ತದೆ. ಊಟಕ್ಕೆ ಮುನ್ನ ಸ್ವಲ್ಪ ವಿಶ್ರಾಂತಿ, ಊಟದ ಜೊತೆ ನೀರು ಕಡಿಮೆ, ನಂತರ ತಕ್ಷಣ ಮಲಗದಿರುವುದು ಇವೆಲ್ಲ ಸಣ್ಣ ಸಂಗತಿಗಳಾದರೂ ಫಲ ಕೊಡುತ್ತವೆ. ಇಷ್ಟಾದರೂ ತೂಕ ಇಳಿಯುತ್ತಲೇ ಇದ್ದರೆ, ಅಥವಾ ರೋಗ ಉಲ್ಬಣಗೊಂಡು ಆಸ್ಪತ್ರೆಯಿಂದ ಆಗಷ್ಟೇ ಮನೆಗೆ ಬಂದಿದ್ದರೆ, ಆಗ ಸಿದ್ಧ ಪೌಷ್ಟಿಕ ಪೇಯಕ್ಕೆ ನಿಜವಾದ ಪಾತ್ರವಿದೆ. ಅದನ್ನೂ ಊಟದ ಬದಲಿಗೆ ಕೊಡದೆ ಊಟಗಳ ನಡುವೆ ಸ್ವಲ್ಪ ಸ್ವಲ್ಪವಾಗಿ ಕೊಡಬೇಕು.

ಡಬ್ಬಿ ಕೊಳ್ಳುವಾಗ ಮುಂಭಾಗದ ಚಿತ್ರವನ್ನಲ್ಲ, ಹಿಂಭಾಗದ ಪಟ್ಟಿಯನ್ನು ಓದಬೇಕು. 100 ಗ್ರಾಂ ಪುಡಿಯಲ್ಲಿ ಪ್ರೋಟೀನ್ ಎಷ್ಟು, ಸಕ್ಕರೆ ಎಷ್ಟು ಎಂಬುದು ಅಲ್ಲಿರುತ್ತದೆ. ಪ್ರೋಟೀನಿಗಿಂತ ಸಕ್ಕರೆಯೇ ಹೆಚ್ಚಿರುವ ಡಬ್ಬಿಗಳೂ 'ಶಕ್ತಿವರ್ಧಕ'ದ ಹೆಸರಿನಲ್ಲಿ ಮಾರಾಟವಾಗುತ್ತವೆ. ಉಲ್ಬಣದ ವೇಳೆ ಸ್ಟೀರಾಯ್ಡ್ ಮಾತ್ರೆ ನುಂಗುವ ರೋಗಿಗಳಲ್ಲಿ ರಕ್ತದ ಸಕ್ಕರೆ ಮೊದಲೇ ಏರಿರುತ್ತದೆ. ಮೂತ್ರಪಿಂಡದ ತೊಂದರೆಯಿರುವವರು ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ಶ್ವಾಸಕೋಶದ ರೋಗಿಗಳಿಗೆಂದೇ ವಿಶೇಷವಾಗಿ ತಯಾರಾದ, ಕೊಬ್ಬು ಹೆಚ್ಚು ಮತ್ತು ಪಿಷ್ಟ ಕಡಿಮೆ ಇರುವ ದುಬಾರಿ ಪೇಯಗಳೂ ಇವೆ. ಪಿಷ್ಟವು ದೇಹದಲ್ಲಿ ಉರಿದಾಗ ಕೊಬ್ಬಿಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ, ಅದನ್ನು ಹೊರಹಾಕಲು ರೋಗಿ ಹೆಚ್ಚು ಉಸಿರಾಡಬೇಕಾಗುತ್ತದೆ ಎಂಬುದು ಇವುಗಳ ಹಿಂದಿನ ತರ್ಕ. ರಸಾಯನಶಾಸ್ತ್ರದ ದೃಷ್ಟಿಯಿಂದ ಅದು ಸರಿಯೇ. ಆದರೆ ಕೃತಕ ಉಸಿರಾಟದ ಯಂತ್ರದಲ್ಲಿದ್ದ ರೋಗಿಗಳ ಮೇಲೆ ನಡೆದು 1992ರಲ್ಲಿ ಪ್ರಕಟವಾದ ಅಧ್ಯಯನವೊಂದು ಪಿಷ್ಟದ ಪ್ರಮಾಣಕ್ಕಿಂತ ಒಟ್ಟು ಕ್ಯಾಲೊರಿಯೇ ಮುಖ್ಯವೆಂದು ತೋರಿಸಿತು. ಸ್ಥಿರ ಸ್ಥಿತಿಯಲ್ಲಿರುವ ರೋಗಿಗಳಿಗೆ ಈ ವಿಶೇಷ ಪೇಯಗಳಿಂದ ಸಾಮಾನ್ಯ ಪೌಷ್ಟಿಕ ಪೇಯಕ್ಕಿಂತ ಹೆಚ್ಚಿನ ಲಾಭವಿಲ್ಲವೆಂದು ಯುರೋಪಿನ ಪೋಷಣಾ ಸಂಘವು 2006ರಲ್ಲೇ ತಿಳಿಸಿದೆ.

ತಿಂದ ಪ್ರೋಟೀನ್ ಸ್ನಾಯುವಾಗಬೇಕಾದರೆ ಸ್ನಾಯುವಿಗೆ ಕೆಲಸ ಬೇಕು. ಉಸಿರಾಟದ ಪುನಶ್ಚೇತನ ಚಿಕಿತ್ಸೆ ಎಂದು ಕರೆಯಲಾಗುವ, ನಡಿಗೆ ಮತ್ತು ಕೈಕಾಲಿನ ವ್ಯಾಯಾಮಗಳ ಕ್ರಮಬದ್ಧ ತರಬೇತಿಯಿಲ್ಲದೆ ಕೇವಲ ಪುಡಿ ಕುಡಿದರೆ ಏರುವುದು ಹೆಚ್ಚಾಗಿ ಕೊಬ್ಬು.

ವಿಟಮಿನ್ ಡಿ: ಕೊರತೆ ತೀವ್ರವಾಗಿದ್ದರೆ ಮಾತ್ರ

ಬಿಸಿಲಿನ ನಾಡಿನಲ್ಲಿದ್ದರೂ ನಗರವಾಸಿಗಳಲ್ಲಿ ವಿಟಮಿನ್ ಡಿ ಕೊರತೆ ವ್ಯಾಪಕವಾಗಿದೆ. ಏದುಸಿರಿನಿಂದ ಮನೆಯೊಳಗೇ ಉಳಿಯುವ ಸಿಒಪಿಡಿ ರೋಗಿಗಳಲ್ಲಿ ಅದು ಇನ್ನೂ ಹೆಚ್ಚು. ಈ ವಿಟಮಿನ್ ಮೂಳೆಗಷ್ಟೇ ಅಲ್ಲ, ಸೋಂಕಿನ ವಿರುದ್ಧ ದೇಹದ ರಕ್ಷಣೆಗೂ ಬೇಕು. ಹಾಗಾದರೆ ಎಲ್ಲ ರೋಗಿಗಳಿಗೂ ಕೊಟ್ಟರೆ ಉಲ್ಬಣಗಳು ತಪ್ಪುತ್ತವೆಯೇ?

ಬೆಲ್ಜಿಯಂನ ಲೂವೆನ್‌ನಲ್ಲಿ 182 ರೋಗಿಗಳಿಗೆ ನಾಲ್ಕು ವಾರಕ್ಕೊಮ್ಮೆ ಒಂದು ಲಕ್ಷ ಐಯು ವಿಟಮಿನ್ ಡಿ ಅಥವಾ ಹುಸಿ ಔಷಧಿಯನ್ನು ಒಂದು ವರ್ಷ ಕೊಟ್ಟು ನೋಡಲಾಯಿತು. 2012ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಒಟ್ಟಾರೆ ಗುಂಪಿನಲ್ಲಿ ಉಲ್ಬಣಗಳು ಕಡಿಮೆಯಾಗಲಿಲ್ಲ. ಆದರೆ ಆರಂಭದಲ್ಲಿ ರಕ್ತದ ಮಟ್ಟ ಮಿಲಿಲೀಟರಿಗೆ 10 ನ್ಯಾನೋಗ್ರಾಂಗಿಂತ ಕಡಿಮೆಯಿದ್ದ ಕೆಲವೇ ರೋಗಿಗಳಲ್ಲಿ ಅವು ಗಣನೀಯವಾಗಿ ತಗ್ಗಿದವು. ಬಳಿಕ ಹಲವು ಪ್ರಯೋಗಗಳ ರೋಗಿವಾರು ಮಾಹಿತಿಯನ್ನು ಕೂಡಿಸಿ 'ಥೊರಾಕ್ಸ್' ಪತ್ರಿಕೆಯಲ್ಲಿ 2019ರಲ್ಲಿ ಪ್ರಕಟವಾದ ವಿಶ್ಲೇಷಣೆಯೂ ಇದನ್ನೇ ಹೇಳಿತು: ಒಟ್ಟಾರೆ ಪರಿಣಾಮವಿಲ್ಲ, 10 ನ್ಯಾನೋಗ್ರಾಂಗಿಂತ ಕಡಿಮೆಯಿದ್ದವರಲ್ಲಿ ಮಾತ್ರ ಮಧ್ಯಮ ಮತ್ತು ತೀವ್ರ ಉಲ್ಬಣಗಳ ಪ್ರಮಾಣ ಸುಮಾರು ಶೇ. 45ರಷ್ಟು ಇಳಿಯಿತು. ಅಷ್ಟು ತೀವ್ರವಲ್ಲದ ಕೊರತೆಯವರೂ ಇದ್ದ ನೆದರ್ಲೆಂಡ್ಸ್‌ನ 155 ರೋಗಿಗಳ ಪ್ರಯೋಗದಲ್ಲಿ (2022) ಪ್ರಯೋಜನ ಕಂಡುಬರಲಿಲ್ಲ.

ಸಿಒಪಿಡಿ ಚಿಕಿತ್ಸೆಗೆ ಜಗತ್ತಿನಾದ್ಯಂತ ವೈದ್ಯರು ಅನುಸರಿಸುವ 'ಗೋಲ್ಡ್' ಮಾರ್ಗಸೂಚಿಯೂ ಉಲ್ಬಣದಿಂದ ಆಸ್ಪತ್ರೆ ಸೇರಿದ ರೋಗಿಗಳಲ್ಲಿ ಈ ತೀವ್ರ ಕೊರತೆಯನ್ನು ಪರೀಕ್ಷಿಸಿ, ಇದ್ದರೆ ತುಂಬಿಕೊಡಬೇಕೆಂದು ಸೂಚಿಸುತ್ತದೆ. ಪ್ರಯೋಗಶಾಲೆಯ ವರದಿಯಲ್ಲಿ 30ಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ 'ಸಾಲದು' ಎಂದು ಅಚ್ಚಾಗಿರುತ್ತದೆ. ಮೂಳೆಯ ವಿಚಾರದಲ್ಲಿ, ಅದರಲ್ಲೂ ಸ್ಟೀರಾಯ್ಡ್ ಮಾತ್ರೆಗಳನ್ನು ಪದೇ ಪದೇ ಸೇವಿಸಿದವರಲ್ಲಿ, ವೈದ್ಯರು ಅದನ್ನು ಪರಿಗಣಿಸಬಹುದು. ಆದರೆ ಉಸಿರಾಟಕ್ಕೆ ಸಂಬಂಧಿಸಿ ಲಾಭ ಕಂಡಿರುವುದು 10ರ ಕೆಳಗೆ.

ನಮ್ಮಲ್ಲಿ ಇದಕ್ಕೆ ಸಂಬಂಧಿಸಿದ ಅಪಾಯ ಬೇರೆಯೇ ರೀತಿಯದು. ಇಲ್ಲಿ ಹೆಚ್ಚಾಗಿ ಬರೆದುಕೊಡುವುದು 60,000 ಐಯು ಇರುವ ಪುಡಿಯ ಪೊಟ್ಟಣ ಅಥವಾ ಗುಳಿಗೆ. ಅದು ವಾರಕ್ಕೊಂದು, ಅದೂ ಕೆಲವು ವಾರಗಳ ಮಟ್ಟಿಗೆ. ಅದನ್ನು ದಿನಕ್ಕೊಂದರಂತೆ ಸೇವಿಸಿ, ಅಥವಾ ಚೀಟಿಯ ಅವಧಿ ಮುಗಿದರೂ ತಿಂಗಳುಗಟ್ಟಲೆ ಮುಂದುವರಿಸಿ, ರಕ್ತದಲ್ಲಿ ಕ್ಯಾಲ್ಸಿಯಂ ವಿಪರೀತ ಏರಿ ಆಸ್ಪತ್ರೆ ಸೇರಿದವರ ವರದಿಗಳು ಭಾರತದ ವೈದ್ಯಕೀಯ ಪತ್ರಿಕೆಗಳಲ್ಲಿ ಪ್ರಕಟವಾಗಿವೆ. ವಾಕರಿಕೆ, ಮಲಬದ್ಧತೆ, ಅತಿಯಾದ ಬಾಯಾರಿಕೆ, ಮಂಪರು ಇದರ ಲಕ್ಷಣಗಳು. ಮೂತ್ರಪಿಂಡಕ್ಕೆ ಹಾನಿಯಾಗಬಹುದು. ಪೊಟ್ಟಣ ತಂದ ದಿನವೇ ಗೋಡೆಯ ಕ್ಯಾಲೆಂಡರಿನಲ್ಲಿ ಸೇವಿಸಬೇಕಾದ ದಿನಗಳಿಗೆ ಗುರುತು ಹಾಕಿಡುವುದು ಒಳ್ಳೆಯದು.

ಕ್ಯಾಲ್ಸಿಯಂ ಬೇಕೆಂದರೆ ರಾಗಿಯನ್ನು ಮರೆಯಬಾರದು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿ, ಗೋಧಿ ಅದರ ಹತ್ತಿರಕ್ಕೂ ಬರುವುದಿಲ್ಲ.

ಕಫ ಕರಗಿಸುವ ಮಾತ್ರೆ

ಎನ್-ಅಸಿಟೈಲ್ ಸಿಸ್ಟೀನ್ ಎಂಬುದು ಔಷಧಿಯೂ ಹೌದು, ವಿದೇಶಗಳಲ್ಲಿ ಪೂರಕವಾಗಿಯೂ ಮಾರಾಟವಾಗುವ ವಸ್ತು. ಕಫದ ಅಂಟನ್ನು ಸಡಿಲಗೊಳಿಸುತ್ತದೆ, ಜೀವಕೋಶಗಳಿಗೆ ಹಾನಿಮಾಡುವ ಉತ್ಕರ್ಷಣವನ್ನು ತಡೆಯುತ್ತದೆ. ನೀರಿಗೆ ಹಾಕಿದರೆ ನೊರೆಗಟ್ಟಿ ಕರಗುವ, ಕೊಳೆತ ಮೊಟ್ಟೆಯಂಥ ವಾಸನೆಯ ಮಾತ್ರೆಯೆಂದರೆ ಬಳಸಿದವರಿಗೆ ಗೊತ್ತಾಗುತ್ತದೆ.

ಇದರ ಚರಿತ್ರೆ ಏರಿಳಿತದ್ದು. ಯುರೋಪಿನಲ್ಲಿ 523 ರೋಗಿಗಳಿಗೆ ದಿನಕ್ಕೆ 600 ಮಿ.ಗ್ರಾಂನಂತೆ ಮೂರು ವರ್ಷ ಕೊಟ್ಟ ಪ್ರಯೋಗ (2005) ಶ್ವಾಸಕೋಶದ ಕ್ಷೀಣತೆಯನ್ನಾಗಲೀ ಉಲ್ಬಣಗಳನ್ನಾಗಲೀ ತಡೆಯಲಿಲ್ಲ. ಪ್ರಮಾಣ ಸಾಲದೆಂಬ ವಾದ ಎದ್ದಿತು. ಚೀನಾದಲ್ಲಿ 1,006 ರೋಗಿಗಳಿಗೆ ಅದರ ಇಮ್ಮಡಿ, ಅಂದರೆ 600 ಮಿ.ಗ್ರಾಂ ದಿನಕ್ಕೆರಡು ಬಾರಿ ಒಂದು ವರ್ಷ ಕೊಟ್ಟಾಗ (2014) ರೋಗಿಯೊಬ್ಬನಿಗೆ ವರ್ಷಕ್ಕೆ ಉಲ್ಬಣಗಳು ಸರಾಸರಿ 1.49ರಿಂದ 1.16ಕ್ಕೆ ಇಳಿದವು. ಹತ್ತು ವರ್ಷಗಳ ನಂತರ ಅದೇ ದೇಶದಲ್ಲಿ, ಅದೇ ಪ್ರಮಾಣದಲ್ಲಿ, ರೋಗ ಇನ್ನೂ ಸೌಮ್ಯವಾಗಿರುವ 968 ಮಂದಿಗೆ ಎರಡು ವರ್ಷ ಕೊಟ್ಟು ನೋಡಿದಾಗ (2024) ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಕಫ ಹೆಚ್ಚಿದ್ದು, ಪದೇ ಪದೇ ಉಲ್ಬಣಗೊಳ್ಳುವ ರೋಗಿಗಳಿಗೆ ವೈದ್ಯರು ಇದನ್ನು ಬರೆದುಕೊಡುವುದರಲ್ಲಿ ಅರ್ಥವಿದೆ. ಆರಂಭದ ಹಂತದಲ್ಲಿರುವವರು ಮುಂಜಾಗ್ರತೆಗೆಂದು ಸ್ವತಃ ಕೊಂಡು ನುಂಗುವುದರಲ್ಲಿ ಇಲ್ಲ.

ಬೀಡಿ ಸೇದುವವರು ಮುಟ್ಟಬಾರದ ಗುಳಿಗೆ

ಹಣ್ಣು ತರಕಾರಿ ಹೆಚ್ಚು ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂದು 1980ರ ದಶಕದಲ್ಲಿ ಗಮನಕ್ಕೆ ಬಂದಾಗ ವಿಜ್ಞಾನಿಗಳ ಕಣ್ಣು ಕ್ಯಾರೆಟ್, ಪಪ್ಪಾಯಗಳಿಗೆ ಬಣ್ಣ ಕೊಡುವ ಬೀಟಾ ಕ್ಯಾರೋಟಿನ್ ಮೇಲೆ ಬಿತ್ತು. ಅದನ್ನೇ ಗುಳಿಗೆಯಾಗಿ ಕೊಟ್ಟರೆ ಧೂಮಪಾನಿಗಳು ಉಳಿಯಬಹುದೆಂಬ ಆಶಯದಿಂದ ಎರಡು ಬೃಹತ್ ಪ್ರಯೋಗಗಳು ನಡೆದವು. ಫಿನ್ಲೆಂಡ್‌ನಲ್ಲಿ 29,133 ಪುರುಷ ಧೂಮಪಾನಿಗಳ ಮೇಲೆ ನಡೆದ ಮೊದಲನೆಯದರ ಫಲಿತಾಂಶ 1994ರಲ್ಲಿ ಬಂತು: ಗುಳಿಗೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚು. ಅಮೆರಿಕದಲ್ಲಿ ಧೂಮಪಾನಿಗಳು, ಅದನ್ನು ಬಿಟ್ಟವರು ಮತ್ತು ಕಲ್ನಾರಿನ ಕಾರ್ಮಿಕರು ಸೇರಿ 18,314 ಮಂದಿಯ ಮೇಲೆ ನಡೆಯುತ್ತಿದ್ದ 'ಕ್ಯಾರೆಟ್' ಹೆಸರಿನ ಎರಡನೆಯದನ್ನು 1996ರ ಜನವರಿಯಲ್ಲಿ, ಅವಧಿಗೆ 21 ತಿಂಗಳು ಮೊದಲೇ ನಿಲ್ಲಿಸಬೇಕಾಯಿತು. ಬೀಟಾ ಕ್ಯಾರೋಟಿನ್ ಮತ್ತು ವಿಟಮಿನ್ ಎ ಪಡೆದ ಗುಂಪಿನಲ್ಲಿ ಕ್ಯಾನ್ಸರ್ ಶೇ. 28ರಷ್ಟು, ಒಟ್ಟು ಸಾವು ಶೇ. 17ರಷ್ಟು ಹೆಚ್ಚಿತ್ತು.

ಪೂರಕಗಳ ಬಗ್ಗೆ 'ಒಳ್ಳೆಯದಾಗದಿದ್ದರೂ ಕೆಟ್ಟದ್ದೇನೂ ಆಗದು' ಎನ್ನುವವರಿಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ. ಸಿಒಪಿಡಿ ರೋಗಿಗಳಲ್ಲಿ ಅನೇಕರು ಇಂದಿನ ಅಥವಾ ನಿನ್ನೆಯ ಧೂಮಪಾನಿಗಳೇ ಆಗಿರುವುದರಿಂದ ಅವರಿಗೆ ಕ್ಯಾನ್ಸರಿನ ಭಯ ಮೊದಲೇ ಹೆಚ್ಚು. ಕ್ಯಾರೆಟ್, ಕುಂಬಳ, ಸೊಪ್ಪುಗಳನ್ನು ಧಾರಾಳವಾಗಿ ತಿನ್ನಬಹುದು, ಅವುಗಳಿಂದ ತೊಂದರೆಯಿಲ್ಲ. ಎಚ್ಚರ ಬೇಕಿರುವುದು ಗುಳಿಗೆಯ ಬಗ್ಗೆ. 'ಆಂಟಿಆಕ್ಸಿಡೆಂಟ್' ಎಂಬ ಆಕರ್ಷಕ ಹೆಸರಿನ ಬಹುವಿಟಮಿನ್ ಗುಳಿಗೆಗಳಲ್ಲಿ ಇದು ಅಡಗಿರುತ್ತದೆ. ಹಿರಿಯರು ಕಣ್ಣಿನ ಅಕ್ಷಿಪಟಲದ ಸವೆತಕ್ಕೆ ನುಂಗುವ ಮಾತ್ರೆಗಳ ಹಳೆಯ ಸೂತ್ರದಲ್ಲೂ ಬೀಟಾ ಕ್ಯಾರೋಟಿನ್ ಇತ್ತು. ಅದರ ಬದಲು ಲ್ಯೂಟಿನ್ ಬಳಸಬಹುದೆಂದು 2013ರಲ್ಲಿ ಅಮೆರಿಕದ ಅಧ್ಯಯನ ತೋರಿಸಿದೆ. ಬೀಡಿ, ಸಿಗರೇಟು ಸೇದುವ ಅಥವಾ ಹಿಂದೆ ಸೇದುತ್ತಿದ್ದವರು ಮನೆಯಲ್ಲಿರುವ ವಿಟಮಿನ್ ಬಾಟಲಿಯ ಪಟ್ಟಿಯನ್ನು ಇಂದೇ ಒಮ್ಮೆ ಓದಿ ನೋಡಬೇಕು.

ಉಳಿದವುಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ವಿಟಮಿನ್ ಸಿ, ವಿಟಮಿನ್ ಇ, ಮೀನೆಣ್ಣೆಗಳು ರೋಗಿಗಳ ಉಸಿರಾಟವನ್ನು ಸುಧಾರಿಸುತ್ತವೆಂಬುದಕ್ಕೆ ದೃಢ ಪುರಾವೆಯಿಲ್ಲ. ವ್ಯಾಯಾಮಶಾಲೆಯ ಯುವಕರಲ್ಲಿ ಜನಪ್ರಿಯವಾದ ಕ್ರಿಯಾಟಿನ್ ಅನ್ನು ಪುನಶ್ಚೇತನ ತರಬೇತಿಯ ಜೊತೆ ಕೊಟ್ಟಾಗ 2005ರ ಸಣ್ಣ ಅಧ್ಯಯನ ಆಸೆ ಹುಟ್ಟಿಸಿತಾದರೂ, 100 ರೋಗಿಗಳ 2008ರ ಪ್ರಯೋಗ ಅದನ್ನು ಸಮರ್ಥಿಸಲಿಲ್ಲ. ಕೋವಿಡ್ ಕಾಲದಲ್ಲಿ ಅಭ್ಯಾಸವಾದ ಸತುವಿನ ಮಾತ್ರೆಯನ್ನು ಹೆಚ್ಚಿನ ಪ್ರಮಾಣದಲ್ಲಿ ತಿಂಗಳುಗಟ್ಟಲೆ ನುಂಗಿದರೆ ದೇಹದಲ್ಲಿ ತಾಮ್ರದ ಕೊರತೆಯಾಗುತ್ತದೆ. ಕಬ್ಬಿಣದ ವಿಷಯ ಬೇರೆ. ರಕ್ತಹೀನತೆಯಿದ್ದರೆ ಏದುಸಿರು ಇಮ್ಮಡಿಸುತ್ತದೆ, ಆದ್ದರಿಂದ ಹಿಮೋಗ್ಲೋಬಿನ್ ಪರೀಕ್ಷೆ ಅವಶ್ಯ. ಕೊರತೆ ಖಚಿತವಾದರೆ ಕಬ್ಬಿಣದ ಮಾತ್ರೆ ಚಿಕಿತ್ಸೆಯೇ ಹೊರತು ಪೂರಕವಲ್ಲ.

ಕಷಾಯ, ಮೂಲಿಕೆ ಮತ್ತು ಮಾತ್ರೆಗಳ ಘರ್ಷಣೆ

ಕೆಮ್ಮು ಕಫಕ್ಕೆ ಕಷಾಯ ಮಾಡದ ಮನೆ ಕರ್ನಾಟಕದಲ್ಲಿ ಅಪರೂಪ. ಅದರ ಹಿಂದಿನ ಜ್ಞಾನವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಬೇಲಿಯಲ್ಲಿ ಬೆಳೆಯುವ ಆಡುಸೋಗೆಯ ಎಲೆಯಲ್ಲಿರುವ ವಾಸಿಸಿನ್ ಎಂಬ ಅಂಶವನ್ನು ಮಾದರಿಯಾಗಿಟ್ಟುಕೊಂಡೇ ಬ್ರೋಮ್‌ಹೆಕ್ಸಿನ್ ಎಂಬ ಆಧುನಿಕ ಕಫಹಾರಿ ಔಷಧಿ ತಯಾರಾಯಿತು. ಇಂದು ಕೆಮ್ಮಿನ ಸಿರಪ್ಪುಗಳಲ್ಲಿ ಕಾಣುವ ಆಂಬ್ರಾಕ್ಸೋಲ್ ಅದರದೇ ಸಂತತಿ. ಆದರೆ ಮೂಲಿಕೆಯಲ್ಲಿ ಔಷಧಿಯ ಗುಣವಿದೆ ಎಂದಮೇಲೆ ಅದು ಇನ್ನೊಂದು ಔಷಧಿಯೊಡನೆ ಸೆಣಸುವ ಸಾಧ್ಯತೆಯೂ ಇದೆ ಎಂದೇ ಅರ್ಥ.

ಜ್ಯೇಷ್ಠಮಧುವನ್ನೇ ತೆಗೆದುಕೊಳ್ಳಿ. ಗಂಟಲಿಗೆ ಹಿತವಾದ ಈ ಸಿಹಿಬೇರನ್ನು ಹೆಚ್ಚಿನ ಪ್ರಮಾಣದಲ್ಲಿ ದಿನಾಲೂ ಸೇವಿಸಿದರೆ ದೇಹದಲ್ಲಿ ಉಪ್ಪು, ನೀರು ನಿಂತು ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಸಿಒಪಿಡಿ ರೋಗಿ ಬಳಸುವ ಸಾಲ್ಬುಟಮಾಲ್, ಸ್ಟೀರಾಯ್ಡ್ ಮಾತ್ರೆ, ಕಾಲಿನ ಊತಕ್ಕೆ ಕೊಡುವ ಮೂತ್ರವರ್ಧಕ ಮೂರೂ ಪೊಟ್ಯಾಸಿಯಂ ಇಳಿಸುವಂಥವೇ. ಎಲ್ಲ ಒಂದೆಡೆ ಸೇರಿದರೆ ಹೃದಯದ ಲಯ ತಪ್ಪಬಹುದು. ನೆಗಡಿಯಾದಾಗ ಎರಡು ದಿನ ಕಷಾಯ ಕುಡಿಯುವುದಕ್ಕೂ, ವರ್ಷವಿಡೀ ಚೂರ್ಣ ತಿನ್ನುವುದಕ್ಕೂ ವ್ಯತ್ಯಾಸವಿದೆ.

ಕಾಳುಮೆಣಸಿನ ಕಥೆ ಇನ್ನೂ ಕುತೂಹಲಕರ. ಅರಿಸಿನದ ಸಾರವಾದ ಕರ್ಕ್ಯುಮಿನ್ ನಮ್ಮ ಕರುಳಿನಿಂದ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಅದರ ಜೊತೆ 20 ಮಿ.ಗ್ರಾಂ ಪೈಪರಿನ್, ಅಂದರೆ ಮೆಣಸಿನ ಖಾರದ ಅಂಶ, ಕೊಟ್ಟರೆ ರಕ್ತ ಸೇರುವ ಪ್ರಮಾಣ ಸುಮಾರು 20 ಪಟ್ಟು ಹೆಚ್ಚುತ್ತದೆಂದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ತೋರಿಸಿಕೊಟ್ಟರು. ಜಗತ್ತಿನೆಲ್ಲೆಡೆ ಮಾರಾಟವಾಗುವ ಅರಿಸಿನದ ಕ್ಯಾಪ್ಸೂಲುಗಳಲ್ಲಿ ಮೆಣಸಿನ ಸಾರ ಸೇರಿಸುವ ಪದ್ಧತಿಗೆ ಈ ಅಧ್ಯಯನವೇ ಆಧಾರ. ಆದರೆ ಪೈಪರಿನ್ ಅರಿಸಿನವನ್ನಷ್ಟೇ ಒಳಗೆ ಬಿಡುವ ದ್ವಾರಪಾಲಕನಲ್ಲ. ಅದು ಥಿಯೋಫಿಲಿನ್ ಔಷಧಿಯ ಮಟ್ಟವನ್ನೂ ರಕ್ತದಲ್ಲಿ ಏರಿಸುತ್ತದೆಂದು 1991ರಲ್ಲೇ ತಿಳಿದುಬಂದಿತ್ತು. ಉಬ್ಬಸಕ್ಕೆ ಅನೇಕ ಮನೆಗಳಲ್ಲಿ ಪರಿಚಿತವಾದ ಡೆರಿಫಿಲಿನ್ ಮಾತ್ರೆಯಲ್ಲಿ ಇರುವುದೂ ಥಿಯೋಫಿಲಿನ್ನೇ. ಅದರ ಸುರಕ್ಷಿತ ಪ್ರಮಾಣಕ್ಕೂ ವಿಷಪ್ರಮಾಣಕ್ಕೂ ಅಂತರ ಕಿರಿದು: ವಾಂತಿ, ಎದೆಬಡಿತ, ಅತಿಯಾದರೆ ಸೆಳವು. ಸಾರಿಗೆ ಹಾಕುವ ಮೆಣಸಿಗೆ ಹೆದರಬೇಕಿಲ್ಲ. ಕ್ಯಾಪ್ಸೂಲಿಗೆ ಹೆದರಬೇಕು. ಮೆಣಸಿನ ಸಾರ ಸೇರಿದ ಅಧಿಕ ಪ್ರಮಾಣದ ಅರಿಸಿನದ ಕ್ಯಾಪ್ಸೂಲುಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳೂ ಇಟಲಿ, ಅಮೆರಿಕಗಳಲ್ಲಿ ವರದಿಯಾಗಿವೆ.

ಎಫೆಡ್ರಾ ಎಂಬ ಮೂಲಿಕೆಯುಳ್ಳ ಪೂರಕಗಳನ್ನು ಅಮೆರಿಕ 2004ರಲ್ಲಿ ನಿಷೇಧಿಸಿತು. ಹೃದಯವನ್ನು ಉದ್ರೇಕಿಸುವ ಅದು ಸಾಲ್ಬುಟಮಾಲ್ ಜೊತೆ ಸೇರುವುದು ತರವಲ್ಲ. ಇದಕ್ಕಿಂತ ಹೆಚ್ಚಿನ ಭಯ, ಹೆಸರು ಪಟ್ಟಿಗಳಿಲ್ಲದ ಕಾಗದದ ಪೊಟ್ಟಣದಲ್ಲಿ ಬರುವ 'ದಮ್ಮಿನ ಪುಡಿ'ಗಳದು. ಎರಡೇ ದಿನದಲ್ಲಿ ಉಸಿರಾಟ ಸರಾಗವಾಯಿತೆಂದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರುವ ಶಂಕೆ ಬರಬೇಕು. ಅಂಥ ಪುಡಿಯನ್ನು ಬಹುಕಾಲ ತಿಂದವರು ಅದನ್ನು ಹಠಾತ್ತನೆ ನಿಲ್ಲಿಸುವುದೂ ಅಪಾಯ, ವೈದ್ಯರಿಗೆ ಪೊಟ್ಟಣವನ್ನೇ ತೋರಿಸಬೇಕು. ಬಾಸ್ಟನ್ ನಗರದ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ಉತ್ಪನ್ನಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತೆಂದು 2004ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ತಿಳಿಸಿತ್ತು. ಪರವಾನಗಿ ಸಂಖ್ಯೆ, ತಯಾರಿಕೆಯ ದಿನಾಂಕ, ಘಟಕಾಂಶಗಳ ಪಟ್ಟಿ ಇಲ್ಲದ ಯಾವುದನ್ನೂ ಮನೆಗೆ ತರಬಾರದು.

ಇನ್ನೊಂದು ಘರ್ಷಣೆ ಹೆಚ್ಚಿನವರ ಗಮನಕ್ಕೇ ಬರುವುದಿಲ್ಲ. ಕಫ ಹಸಿರಾಗಿ ರೋಗ ಉಲ್ಬಣಿಸಿದಾಗ ವೈದ್ಯರು ಡಾಕ್ಸಿಸೈಕ್ಲಿನ್ ಅಥವಾ ಲಿವೋಫ್ಲಾಕ್ಸಸಿನ್‌ನಂಥ ಪ್ರತಿಜೀವಕ ಕೊಡುವುದುಂಟು. ಕ್ಯಾಲ್ಸಿಯಂ, ಕಬ್ಬಿಣ, ಸತು, ಮೆಗ್ನೀಸಿಯಂ ಮಾತ್ರೆಗಳು ಹೊಟ್ಟೆಯಲ್ಲೇ ಇವುಗಳಿಗೆ ಅಂಟಿಕೊಂಡು ರಕ್ತಕ್ಕೆ ಸೇರದಂತೆ ಮಾಡುತ್ತವೆ. ಬೆಳಗಿನ ತಿಂಡಿಯಾದ ಮೇಲೆ ಎಲ್ಲ ಮಾತ್ರೆಗಳನ್ನೂ ಒಂದೇ ಗುಟುಕಿಗೆ ನುಂಗುವ ಅಭ್ಯಾಸದಿಂದ ಪ್ರತಿಜೀವಕ ವ್ಯರ್ಥವಾಗಿ, ಸೋಂಕು ಇಳಿಯದೆ ಹೋಗಬಹುದು. ಇವುಗಳ ನಡುವೆ ಕನಿಷ್ಠ ಎರಡು ಮೂರು ಗಂಟೆಗಳ ಅಂತರವಿರಬೇಕು. ಆ ಒಂದು ವಾರ ಪೂರಕಗಳನ್ನು ನಿಲ್ಲಿಸಬಹುದೇ ಎಂದು ವೈದ್ಯರನ್ನು ಕೇಳಿದರೆ ಇನ್ನೂ ಸುಲಭ.

ಕೊಳ್ಳುವ ಮುನ್ನ

ಆರೋಗ್ಯ ಪೂರಕಗಳು ಭಾರತದಲ್ಲಿ ಕಾನೂನಿನ ದೃಷ್ಟಿಯಿಂದ ಔಷಧಿಗಳಲ್ಲ, ಆಹಾರ. ಆಹಾರ ಸುರಕ್ಷತಾ ಪ್ರಾಧಿಕಾರವು 2016ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ ಅವುಗಳ ಮೇಲೆ 'ಆರೋಗ್ಯ ಪೂರಕ' ಎಂಬ ಪದಗಳೂ, ಔಷಧಿಯಾಗಿ ಬಳಕೆಗಲ್ಲ ಎಂಬ ಸೂಚನೆಯೂ ಇರಬೇಕು. ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆಯೂ ಕಡ್ಡಾಯ. ಆಸ್ತಮಾ, ಸಿಒಪಿಡಿ ವಾಸಿಮಾಡುತ್ತದೆಂದು ಡಬ್ಬಿಯ ಮೇಲೆ ಬರೆದಿದ್ದರೆ ಅಷ್ಟರಿಂದಲೇ ಅದನ್ನು ಕೆಳಗಿಡಲು ಕಾರಣ ಸಿಕ್ಕಂತಾಯಿತು.

ಹಣದ ಮಾತನ್ನೂ ಆಡಬೇಕಾಗುತ್ತದೆ. ತಿಂಗಳ ಔಷಧಿ ವೆಚ್ಚಕ್ಕೆ ಮಿತಿಯಿರುವ ಮನೆಗಳಲ್ಲಿ ದುಬಾರಿ ಡಬ್ಬಿಯೊಂದು ಒಳಗೆ ಬಂದರೆ ಇನ್‌ಹೇಲರ್ ದಿನ ಬಿಟ್ಟು ದಿನದ ಮಾತಾಗುತ್ತದೆ. 'ಇನ್‌ಹೇಲರ್ ಅಭ್ಯಾಸವಾಗಿಬಿಡುತ್ತದೆ, ವಿಟಮಿನ್ ಆದರೆ ದೇಹಕ್ಕೆ ಒಳ್ಳೆಯದು' ಎಂಬ ತಪ್ಪು ನಂಬಿಕೆಯೂ ಇದಕ್ಕೆ ಜೊತೆಯಾಗುತ್ತದೆ. ಹೊಗೆ ಬಿಡುವುದು, ಇನ್‌ಹೇಲರನ್ನು ಸರಿಯಾದ ಕ್ರಮದಲ್ಲಿ ಪ್ರತಿದಿನ ಬಳಸುವುದು, ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ, ಪುನಶ್ಚೇತನ ವ್ಯಾಯಾಮ, ರಕ್ತದಲ್ಲಿ ಆಮ್ಲಜನಕ ತೀರಾ ಕಡಿಮೆಯಿರುವವರಿಗೆ ಮನೆಯಲ್ಲೇ ಆಮ್ಲಜನಕ, ಇವುಗಳ ಸ್ಥಾನವನ್ನು ಯಾವ ಪೂರಕವೂ ತುಂಬಲಾರದು. ಇವುಗಳಿಗೆ ಖರ್ಚಾಗಿ ಉಳಿದ ಹಣದಲ್ಲಿ ಮೊದಲ ಪಾಲು ಹಾಲು, ಬೇಳೆ, ಮೊಟ್ಟೆ, ಕಡಲೆಕಾಯಿಗೆ ಸಲ್ಲಬೇಕು.

ಮುಂದಿನ ಬಾರಿ ವೈದ್ಯರಲ್ಲಿಗೆ ಹೋಗುವಾಗ ಮನೆಯಲ್ಲಿ ಸೇವಿಸುತ್ತಿರುವ ಎಲ್ಲ ಬಾಟಲಿ, ಪೊಟ್ಟಣ, ಚೂರ್ಣಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಕಳೆದ ಆರು ತಿಂಗಳಲ್ಲಿ ತಿಂಗಳಿಗೊಮ್ಮೆ ನೋಡಿದ ತೂಕವನ್ನು ಒಂದು ಚೀಟಿಯಲ್ಲಿ ಬರೆದು ಕೊಡಿ. ವಿಟಮಿನ್ ಡಿ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಅಗತ್ಯವೇ ಎಂದು ಕೇಳಿ. ಯಾವುದನ್ನು ಮುಂದುವರಿಸಬೇಕು, ಯಾವುದನ್ನು ನಿಲ್ಲಿಸಬೇಕು, ಆರಂಭಿಸಿದ್ದನ್ನು ಎಷ್ಟು ವಾರಗಳ ನಂತರ ಮರುಪರೀಕ್ಷಿಸಬೇಕು ಎಂಬುದನ್ನು ಅದೇ ಚೀಟಿಯ ಹಿಂಭಾಗದಲ್ಲಿ ಬರೆಸಿಕೊಳ್ಳಬಹುದು.